ಬನಹಟ್ಟಿ ಕುಣಿಕೆಯ ನಾಲ್ಕು ಸೀಳು

ಜಮಖಂಡಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ವಿಜ್ಞಾನ ಭವನದಲ್ಲಿ ಒಂದು ಮಾದರಿ ರೈಲು ಇತ್ತು. ಬನಹಟ್ಟಿಯ ಒಬ್ಬ ಮುದುಕ ಅದನ್ನು ಸ್ವಿಚ್ಚು ಒತ್ತಿ ಓಡಿಸುತ್ತಿದ್ದ. ಡಿಜಿಟಲ್ ಪೆಟ್ಟಿಗೆ ಬಂದದ್ದನ್ನು ಕಂಡು ಅವನಿಗೆ ಹೊಟ್ಟೆ ಉರಿಯಿತು. ಉದ್ಘಾಟನೆಯ ದಿನವೇ ತಂತಿಗೆ ಕೈ ಹಾಕಿ ಪೆಟ್ಟಿಗೆ ಸುಟ್ಟ.

ಚೊಕ್ಕ ಕಥೆ. ತಪ್ಪಿತಸ್ಥ ಇದ್ದಾನೆ, ಕಾರಣ ಇದೆ, ಹೊಗೆಯೂ ಇದೆ. ಸಾಕ್ಷಿ ಮಾತ್ರ ಇಲ್ಲ. ಕೈ ಹಾಕಿದ್ದನ್ನು ನೋಡಿದವರು ಯಾರು ಎಂದು ನಾನು ಹಲವರನ್ನು ಕೇಳಿದ್ದೇನೆ. “ಅದು ಎಲ್ಲಾರಿಗೂ ಗೊತ್ತಿರೂದ ಬಿಡ್ರಿ” ಎನ್ನುತ್ತಾರೆ. ಎಲ್ಲರಿಗೂ ಅದು ಹೇಗೆ ಗೊತ್ತಾಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಕಥೆಯನ್ನು ಕಟ್ಟಿ, ಮೂರು ಅಂಶಗಳಲ್ಲಿ ಜೋಡಿಸಿ, ಸಮಿತಿಯ ಮುಂದೆ ನಿಂತು ಒಪ್ಪಿಸಿದವಳು ನಾನೇ.

ನಿವೃತ್ತಿಯ ನಂತರ ಬರೆಯುತ್ತಿದ್ದೇನೆ ಎಂದರೆ ತಲೆ ನರೆತಿರಬೇಕು ಎಂದುಕೊಳ್ಳಬೇಡಿ. ಭವನಕ್ಕೆ ಬೀಗ ಬಿದ್ದಾಗ ನನಗೆ ಮೂವತ್ತಾರು. ಆ ಕೆಲಸ ಈ ಸೀಮೆಯಲ್ಲಿ ಬೇರೆಲ್ಲೂ ಇರಲಿಲ್ಲ, ಹಾಗಾಗಿ ನನ್ನ ವೃತ್ತಿಯೇ ಮುಗಿಯಿತು. ಈಗ ಅಲ್ಲಲ್ಲಿ ಹೊಸ ವಿಜ್ಞಾನ ಕೇಂದ್ರಗಳು ತೆರೆಯುತ್ತಿವೆ. ಮಾದರಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹುಡುಗ ಹುಡುಗಿಯರು ಸೇರುತ್ತಿದ್ದಾರೆ. ಅವರಿಗಾಗಿ ಇದು. ನನಗೆ ಬಂದ ಬಡ್ತಿ, ಪ್ರಶಸ್ತಿ ಪತ್ರಗಳ ವಿಷಯ ಇಲ್ಲಿಲ್ಲ.

ನಾನು ಸೇರಿದಾಗ ಬಾಗಲಕೋಟೆ ಹೊಸ ಜಿಲ್ಲೆಯಾಗಿ ಕೆಲವೇ ವರ್ಷ. ನಮ್ಮ ಕಡೆಯವರು ರೈಲು ನೋಡಬೇಕಾದರೆ ಬಾಗಲಕೋಟೆಗೋ ಕುಡಚಿಗೋ ಬಸ್ಸು ಹತ್ತಬೇಕಿತ್ತು. ಭವನದ ಅಧ್ಯಕ್ಷರು ಮುಧೋಳದವರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದವರು. ಇಲ್ಲದ ರೈಲನ್ನು ಮಕ್ಕಳಿಗೆ ತೋರಿಸಬೇಕೆಂದು ಮಾದರಿ ಕಟ್ಟಿಸಿದವರು ಅವರೇ. ಎರಡು ಕೋಣೆಯಗಲದ ಮೇಜು, ನಾಲ್ಕು ಪುಟ್ಟ ಎಂಜಿನ್ನು. ಒಂದು ತುದಿಗೆ ಬಾಗಲಕೋಟೆ, ನಡುವೆ ಮುಧೋಳ, ಜಮಖಂಡಿ. ಇನ್ನೊಂದು ತುದಿಗೆ ಬನಹಟ್ಟಿ. ಬನಹಟ್ಟಿಯಲ್ಲಿ ಹಳಿ ಕುಣಿಕೆಯ ಹಾಗೆ ಒಂದು ಸುತ್ತು ಸುತ್ತಿ, ಬಂದ ದಾರಿಗೇ ಮರಳಿ ಸೇರುತ್ತಿತ್ತು. ಆ ಕುಣಿಕೆಯ ಬಾಯಿಯ ಮೇಲೆ ಥರ್ಮೋಕೋಲಿನ ಒಂದು ಗುಡ್ಡ, ಅದರೊಳಗೆ ಸುರಂಗ.

ರೈಲು ಓಡಿಸುತ್ತಿದ್ದವರು ಈರಪ್ಪ ಕಾಕಾ. ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗಗಳ ರಿಪೇರಿ ಮಾಡುತ್ತಿದ್ದವರನ್ನು ಅಧ್ಯಕ್ಷರು ಕರೆತಂದಿದ್ದರು. ಹಲಗೆಯ ಮೇಲೆ ಹನ್ನೆರಡು ಸ್ವಿಚ್ಚು. ಹಳಿಯ ಯಾವ ತುಂಡಿಗೆ ವಿದ್ಯುತ್ತು ಬೇಕೋ ಆ ಸ್ವಿಚ್ಚು ಒತ್ತಬೇಕು. ಎರಡು ರೈಲು ಒಟ್ಟಿಗೆ ಓಡಿಸುವಾಗ ಅವರ ಬೆರಳುಗಳನ್ನು ನೋಡಲು ದೊಡ್ಡವರೂ ನಿಲ್ಲುತ್ತಿದ್ದರು. ಆದರೆ ಕಲಿಸುವುದು ಅವರಿಗೆ ಬರುತ್ತಿರಲಿಲ್ಲ. “ಹನ್ನೊಂದನೇದ್ದು ಯಾಕ್ರಿ ಕಾಕಾ?” ಎಂದರೆ, “ರೈಲು ಕುಣಿಕ್ಯಾಗ ಹೊಕ್ಕ ಮ್ಯಾಲ ಹೊಡಿಬೇಕು” ಎನ್ನುವರು. “ಅದ, ಯಾಕ?” “ಹೊಡೀಲಿಲ್ಲಂದ್ರ ನಿಲ್ಲತೈತಿ.” ಅಲ್ಲಿಗೆ ಪಾಠ ಮುಗಿಯಿತು. ಮಗ್ಗದ ಮೇಸ್ತ್ರಿಗಳೆಲ್ಲ ಹಾಗೇ. ಅವರ ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಬರೆದಿಡುವುದಂತೂ ದೂರದ ಮಾತು.

ಸೇರಿದ ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ಹಳಿ ಕಪ್ಪಾಗಿದೆಯೆಂದು ಪಾಲಿಶ್ ಪೇಪರ್ ತೆಗೆದುಕೊಂಡು ಬಾಗಲಕೋಟೆಯಿಂದ ಮುಧೋಳದವರೆಗೆ ತಿಕ್ಕಿದೆ. ಹಳಿ ಫಳಫಳ ಹೊಳೆಯಿತು. ಎರಡು ದಿನಕ್ಕೆ ಮೊದಲಿಗಿಂತ ಹೆಚ್ಚು ಕೊಳೆ ಹಿಡಿಯಿತು. ಗೀರಿನೊಳಗೆ ಧೂಳು ಕೂರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಕಾಕಾ ಬಾಗಿ ನೋಡಿ, “ಬೆಕ್ಕು ಕೆರದಂಗ ಕೆರದಿಟ್ಟಿಯಲ್ಲ ತಂಗಿ” ಎಂದರು. “ಸಾಲಿ ಹುಡುಗರು ಅಳಸೂ ರಬ್ಬರ ತಗೋ. ಅದ ಸಾಕು.”

ಹೊಸಬರೇ, ಇಂದಿಗೂ ಆ ರಬ್ಬರೇ ಸಾಕು. ಬೇರೇನೂ ಬೇಡ.

ಬೀಳಗಿ ಕಡೆಯಿಂದ ಒಮ್ಮೆ, ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರ ಪುನರ್ವಸತಿ ಊರಿನ ಶಾಲೆಯ ಮಕ್ಕಳು ಬಂದಿದ್ದರು. ಒಬ್ಬ ಹುಡುಗಿ ಮೇಜಿನ ಸುತ್ತ ಎರಡು ಸಲ ತಿರುಗಿ, “ನಮ್ಮ ಊರ ಇಲ್ಲೇನ್ರಿ?” ಎಂದಳು. ರೈಲು ಹೋಗುವ ಊರುಗಳಷ್ಟೇ ಇದರಲ್ಲಿವೆ ಎಂದೆ. “ಹಳೇ ಊರಿಗಾದ್ರೂ ಹೋಗತೈತೇನ್ರಿ? ಅದು ನೀರಾಗೈತಿ.” ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಢಾಲು ಗೆದ್ದವಳಿಗೆ ಹಾಗೆ ಬಾಯಿ ಕಟ್ಟಿದ್ದು ಅದೇ ಮೊದಲು. ಕಾಕಾ ಜಮಖಂಡಿ ಸ್ಟೇಷನ್ನಿನಿಂದ ರೈಲನ್ನು ಹಿಂದಕ್ಕೆ ತಂದು, ಅವಳ ಎದುರಿಗೆ ನಿಲ್ಲಿಸಿ, ಮೂರು ಸಲ ಸೀಟಿ ಊದಿಸಿದರು.

ಇನ್ನು ಡಿಜಿಟಲ್ ಪೆಟ್ಟಿಗೆಯ ವಿಷಯ.

ಸ್ವಿಚ್ಚಿನ ಕಾಲ ಮುಗಿಯಿತು ಎಂದವರು ಅಧ್ಯಕ್ಷರು. ಒಪ್ಪಿದವಳು ನಾನು. ಕಥೆ ಹೇಳುವವರು ಮರೆಮಾಚುವ ಮೊದಲ ಸಂಗತಿ ಇದು: ಕಾಕಾ ಕೂಡ ಒಪ್ಪಿದ್ದರು. ನಮಗಿಂತ ಮುಂಚೆ ಒಪ್ಪಿದ್ದರು. ಡಿಜಿಟಲ್ ಎಂದರೆ ಏನೆಂದು ನಾನು ವಿವರಿಸಿದ್ದು ಹೀಗೆ. ಹಳಿಯಲ್ಲಿ ವಿದ್ಯುತ್ತಿನ ಜೊತೆಗೆ ಆಜ್ಞೆಯೂ ಹರಿಯುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಚಿಪ್, ಅದಕ್ಕೊಂದು ನಂಬರು. ಶಾಲೆಯಲ್ಲಿ ಹಾಜರಿ ಕೂಗಿದಂತೆ, ಮೂರು ಎಂದು ಕೂಗಿದರೆ ಮೂರನೆಯ ಎಂಜಿನ್ನು ಮಾತ್ರ ಓಡುತ್ತದೆ. ಕಾಕಾ ಅರ್ಧದಲ್ಲೇ ತಡೆದು, “ಸೀರಿ ಅಂಚಿನ ಕಾರ್ಡಿನ ಗತಿ ಅನ್ನು” ಎಂದರು. ಮಗ್ಗದಲ್ಲಿ ತೂತು ಹೊಡೆದ ಕಾರ್ಡುಗಳ ಸರ ತಿರುಗುತ್ತದೆ. ತೂತಿದ್ದರೆ ಆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. “ಇದೇನ ಹೊಸಾದಲ್ಲ. ಛಲೋ ಐತಿ, ತರಸ್ರಿ.”

ಯಾವ ಪೆಟ್ಟಿಗೆ ಎಂಬಲ್ಲಿ ಭೇದ ಬಂತು. ನಮ್ಮ ಮುಂದೆ ಎರಡಿದ್ದವು. ಒಂದು ವಿದೇಶದ್ದು: ಕೈಯಲ್ಲಿ ಹಿಡಿಯುವ ಪರದೆ, ಹೊಳೆಯುವ ಪುಸ್ತಿಕೆ. ಇನ್ನೊಂದು ಪುಣೆಯ ಇಬ್ಬರು ಎಂಜಿನಿಯರುಗಳು ತಾವೇ ತಯಾರಿಸಿದ್ದು: ತಗಡಿನ ಡಬ್ಬಿ, ಗುಂಡಿಗಳು. ಎರಡೂ ಕಡೆಯವರು ಪರೀಕ್ಷೆಗೆಂದು ಪೆಟ್ಟಿಗೆ ತಂದರು. ಇಬ್ಬರಿಗೂ ಕಾಕಾ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಪೆಟ್ಟಿಗಿ ಕುಣಿಕ್ಯಾಗ ಏನ ಮಾಡತೈತ್ರಿ?” ಪುಣೆಯವರು, ಕುಣಿಕೆಗೆ ಬೇರೆಯೇ ಒಂದು ಉಪಕರಣ ಬೇಕು, ಅದನ್ನೂ ಕೊಡುತ್ತೇವೆ ಎಂದರು. ವಿದೇಶಿ ಪೆಟ್ಟಿಗೆ ತಂದ ಏಜೆಂಟ್, “ನಮ್ಮದರಲ್ಲಿ ಎಲ್ಲ ಆಟೋಮ್ಯಾಟಿಕ್” ಎಂದು ನಕ್ಕ. ಪುಸ್ತಿಕೆ ತಿರುವಿ ಹಾಕಿದೆ. ಕುಣಿಕೆಯ ಬಗ್ಗೆ ಒಂದಕ್ಷರ ಇರಲಿಲ್ಲ. ತೊಂದರೆ ಇದ್ದರೆ ತಾನೇ ಬರೆಯುವುದು ಎಂದು ತರ್ಕಿಸಿದೆ. ಆ ಪೆಟ್ಟಿಗೆಯಿಂದ ಮೂರು ದಿನ ಓಡಿಸಿದೆವು. ಬನಹಟ್ಟಿ ಕುಣಿಕೆಯಲ್ಲಿ ರೈಲು ಒಮ್ಮೆಯೂ ನಿಲ್ಲಲಿಲ್ಲ. ನಾನು ಎಣಿಸಿ ಗುರುತು ಹಾಕಿಕೊಂಡೆ.

ಸಮಿತಿಯ ಸಭೆಯಲ್ಲಿ ನಾನು ವಿದೇಶಿ ಪೆಟ್ಟಿಗೆಯ ಪರವಾಗಿ ನಿಂತೆ.

“ಊರುಗೋಲಿಲ್ಲದೆ ನಡೆಯಲಾರೆ ಎಂದು ತಾನೇ ಒಪ್ಪಿಕೊಳ್ಳುವ ಯಂತ್ರವನ್ನು ನಾವು ಯಾಕೆ ತರಬೇಕು?” ಎಂದೆ. ಸದಸ್ಯರು ನಕ್ಕರು. ಆ ನಗು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಕಾಕಾ ಎದ್ದರು. “ಕುಣಿಕಿ ಎರಡೂ ಪೆಟ್ಟಿಗಿಗೆ ಒಂದ ರೀ. ಒಬ್ಬಾಂವ ಹೇಳ್ಯಾನ, ಇನ್ನೊಬ್ಬಾಂವ ಹೇಳಿಲ್ಲ. ಅಷ್ಟ ಫರಕು.”

“ಹೇಳದೆ ಇರುವುದು ಸಾಕ್ಷಿ ಆಗುವುದಿಲ್ಲ. ಮೂರು ದಿನ ಓಡಿದ್ದು ಸಾಕ್ಷಿ.”

“ಆ ಮೂರ ದಿನ ಕುಣಿಕ್ಯಾಗ ನಾ...”

“ಅಧ್ಯಕ್ಷರೇ, ಎದುರು ಪಕ್ಷದವರ ಸರದಿ ಮುಗಿದಿದೆ” ಎಂದು ನಾನು ತಡೆದೆ.

ಅಧ್ಯಕ್ಷರು ಗಹಗಹಿಸಿ ಮೇಜು ಬಡಿದರು. “ಆತ ಬಿಡೋ ಈರಪ್ಪಾ! ನಮ್ಮ ವಕೀಲರ ಮುಂದ ನಿಂದೇನ ನಡೀತೈತಿ?”

ವಿದೇಶಿ ಪೆಟ್ಟಿಗೆಗೆ ಅಧ್ಯಕ್ಷರು ಅಲ್ಲಿಯೇ ಸಹಿ ಹಾಕಿದರು.

ಕಾಕಾ ನುಂಗಿಕೊಂಡ ಆ ವಾಕ್ಯದ ಉಳಿದರ್ಧ ನನಗೆ ಗೊತ್ತಾಗಲು ಹತ್ತು ವರ್ಷ ಹಿಡಿಯಿತು. ಆ ಮೂರು ದಿನವೂ ರೈಲು ಕುಣಿಕೆ ಹೊಕ್ಕಾಗಲೆಲ್ಲ ಅವರು ಇನ್ನೂ ಬಿಚ್ಚಿರದ ಹಳೆಯ ಹಲಗೆಯ ಹನ್ನೊಂದನೆಯ ಸ್ವಿಚ್ಚು ಹೊಡೆಯುತ್ತಿದ್ದರು. ನನ್ನ ಕಣ್ಣು ಪರದೆಯ ಮೇಲಿತ್ತು. ನಾನು ಆರಿಸಿದ ಪೆಟ್ಟಿಗೆಯನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸಿದ್ದು ಅವರ ಬೆರಳು.

ಇಲ್ಲಿ ಕುಣಿಕೆಯ ಗುಟ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಎರಡು ಹಳಿಗಳಿಗೆ ವಿದ್ಯುತ್ತಿನ ಎರಡು ಬೇರೆ ತುದಿಗಳನ್ನು ಜೋಡಿಸಿರುತ್ತಾರೆ. ಎರಡೂ ಒಂದಕ್ಕೊಂದು ತಾಗಿದರೆ ಶಾರ್ಟ್, ಎಲ್ಲ ನಿಂತಿತು. ಹಳಿ ಸುತ್ತಿ ಬಂದು ತನ್ನನ್ನೇ ಸೇರಿದಾಗ ಎಡಹಳಿ ಬಂದು ಬಲಹಳಿಗೆ ತಾಗುತ್ತದೆ. ಆದ್ದರಿಂದ ಕುಣಿಕೆಯ ಬಾಯಲ್ಲಿ ನಾಲ್ಕು ಕಡೆ ಹಳಿಯನ್ನು ಸೀಳಿ, ಬ್ಲೇಡಿನಷ್ಟು ಸಂದು ಬಿಡಬೇಕು. ಸಂದಿನೊಳಗಿನ ತುಂಡಿಗೆ ಬೇರೆಯೇ ಸ್ವಿಚ್ಚು ಅಥವಾ ಉಪಕರಣ ಕೊಟ್ಟು, ರೈಲು ಒಳಗಿರುವಾಗಲೇ ತುದಿಗಳನ್ನು ಅದಲುಬದಲು ಮಾಡಬೇಕು. ಡಿಜಿಟಲ್ ಆದರೂ ಇದು ತಪ್ಪದು. ಕಾಕಾ ಆ ನಾಲ್ಕು ಸೀಳುಗಳನ್ನು ಮಕ್ಕಳ ಬೆರಳು ತಾಗದಂತೆ ಗುಡ್ಡದ ಕೆಳಗೆ ಮಾಡಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಒಮ್ಮೆಯೂ ಗುಡ್ಡ ಎತ್ತಿ ನೋಡಿರಲಿಲ್ಲ.

ಪೆಟ್ಟಿಗೆ ಬಂತು. ಹನ್ನೆರಡು ಸ್ವಿಚ್ಚಿನ ಹಲಗೆಯನ್ನು ನಾನೇ ಬಿಚ್ಚಿಸಿದೆ. “ಹನ್ನೊಂದನೇದ್ದೊಂದು ಬಿಡು ತಂಗಿ” ಎಂದರು ಕಾಕಾ. “ಒಂದನ್ನು ಬಿಟ್ಟರೆ ಹನ್ನೆರಡನ್ನೂ ಬಿಟ್ಟಂತೆ” ಎಂದೆ. ಎಂಥ ಮಾತು! ಕೇಳಲು ಎಷ್ಟು ಚೆಂದ, ಅರ್ಥ ಸೊನ್ನೆ.

ಉದ್ಘಾಟನೆಯ ಹಿಂದಿನ ದಿನ ಕಾಕಾಗೆ ರಜೆ. ಹಳಿ ಎಲ್ಲಿಯೂ ತುಂಡಾಗಿರಬಾರದು, ವಿದ್ಯುತ್ತು ಸರಾಗವಾಗಿ ಹರಿಯಬೇಕು ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮುಂಜಾನೆಯೇ ಬಂದು ಮೇಜಿನ ಉದ್ದಕ್ಕೂ ಬೆರಳಾಡಿಸುತ್ತ ಹೋದೆ. ಮೊದಲ ಬಾರಿಗೆ ಗುಡ್ಡ ಎತ್ತಿದೆ. ನಾಲ್ಕು ಕಡೆ ಹಳಿ ಬಿಟ್ಟಿತ್ತು.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಏಳನೆಯ ವಯಸ್ಸಿಗೇ ಅಜ್ಜಿ ನನ್ನನ್ನು ಮಗ್ಗದ ಹಿಂದೆ ಕೂರಿಸಿ ಕೆಚ್ಚುವುದಕ್ಕೆ ಹಚ್ಚಿದ್ದಳು. ಮುಗಿದ ಹಾಸಿನ ಎಳೆಯ ತುದಿಗೆ ಹೊಸ ಹಾಸಿನ ಎಳೆಯ ತುದಿ ಸೇರಿಸಿ ಹೊಸೆಯುವುದು ಕೆಚ್ಚುವುದು. ಒಂದು ಎಳೆ ಬಿಟ್ಟರೂ ಸೀರೆಯ ಉದ್ದಕ್ಕೂ ಗೀರು ಕಾಣುತ್ತದೆ, ಅಜ್ಜಿಯ ಕೈಯಿಂದ ಗುದ್ದು ಬೀಳುತ್ತದೆ. ಬಿಟ್ಟದ್ದು ಕಂಡರೆ ನಮ್ಮ ಓಣಿಯವರ ಕೈ ತಲೆಯನ್ನು ಕೇಳುವುದಿಲ್ಲ, ತಾನೇ ಹೋಗಿ ಕೂಡಿಸುತ್ತದೆ. ನಾಲ್ಕು ಸಂದುಗಳೂ ಒಂದೇ ಅಗಲ, ನೇರ, ಎದುರುಬದುರು. ತುಂಡಾದ ಹಳಿ ಹಾಗೆ ಇರುತ್ತದೆಯೇ ಎಂಬ ಅನುಮಾನ ಬರಬೇಕಿತ್ತು. ಕಂಡದ್ದನ್ನೆಲ್ಲ ಪ್ರಶ್ನಿಸುವವಳು ನಾನು. ಆ ದಿನ ಪ್ರಶ್ನೆ ಹುಟ್ಟಲಿಲ್ಲ, ಬೆರಳು ಮುಂದೆ ಹೋಯಿತು. ನಾಲ್ಕೂ ಕಡೆ ತಾಮ್ರದ ತಂತಿ ಇಟ್ಟು ಬೆಸುಗೆ ಹಾಕಿದೆ. ನಾಲ್ಕನೆಯದು ಆರುವ ಮುನ್ನವೇ ಕರೆಂಟ್ ಹೋಯಿತು. ಮರುದಿನ ಅತಿಥಿಗಳು ಬಂದು ಕುಳಿತ ಮೇಲೆಯೇ ಬಂದದ್ದು. ಹಾಗಾಗಿ ಓಡಿಸಿ ನೋಡಲಾಗಲಿಲ್ಲ.

ಮರುದಿನ ಕಾಕಾ ಬಂದವರೇ ಮೇಜಿನ ಕೆಳಗೆ ತೂರಿದರು. ತಮ್ಮ ಹನ್ನೊಂದನೆಯ ಸ್ವಿಚ್ಚನ್ನು ಯಾರಿಗೂ ಕಾಣದಂತೆ ಒಳಗೆ ಕೂಡಿಸಲು ಹೋಗಿದ್ದರು. ಆ ಕಾರಣ ಆಗ ನಮಗೆ ಗೊತ್ತಿರಲಿಲ್ಲ. ಕೆಳಗಿನಿಂದ ಎದ್ದು ಬಂದು ಧೂಳು ಕೊಡವಿಕೊಂಡದ್ದನ್ನು ಎಲ್ಲರೂ ನೋಡಿದರು.

ರಿಬ್ಬನ್ ಕತ್ತರಿಸಿದರು. ಪರದೆ ಮುಟ್ಟಿದೆ. ಕೆಂಪು ದೀಪ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಶಾರ್ಟ್ ಆದರೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಬುದ್ಧಿ ಆ ಪೆಟ್ಟಿಗೆಗೆ ಇತ್ತು. ಬಿಟ್ಟುಕೊಡುವ ಬುದ್ಧಿ ನನಗಿರಲಿಲ್ಲ. ಒತ್ತುತ್ತಲೇ ಹೋದೆ. “ಬಿಡ ತಂಗಿ, ಹಳಿ ನೋಡೂಣು” ಎಂದರು ಕಾಕಾ. ನಾನು ಇನ್ನೊಮ್ಮೆ ಒತ್ತಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಹಿಂದೆಯೇ ಹೊಗೆ. ಮುಂದಿನ ಸಾಲಿನ ಮಕ್ಕಳು ಅದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿದರು.

ಮೂರನೆಯ ದಿನ ಸಮಿತಿ ಸೇರಿತು. ನಾನು ಎದ್ದು ಮೂರು ಬೆರಳೆತ್ತಿದೆ. ಒಂದು, ಹಳೆಯ ಹಲಗೆ ಹೋದದ್ದಕ್ಕೆ ಈರಪ್ಪನವರಿಗೆ ಅಸಮಾಧಾನವಿತ್ತು. ಎರಡು, ಆ ಮುಂಜಾನೆ ಮೇಜಿನ ಕೆಳಗೆ ಹೋದವರು ಅವರೊಬ್ಬರೇ. ಮೂರು, ಹಿಂದಿನ ದಿನ ನಾನು ಇಡೀ ಹಳಿಯನ್ನು ಕೈಯಾರೆ ಪರೀಕ್ಷಿಸಿದ್ದೆ, ಎಲ್ಲ ಸರಿಯಿತ್ತು.

“ಹಳಿ ತಗದ ನೋಡ್ರಿ ಸಾಹೇಬ್ರ” ಎಂದರು ಕಾಕಾ. “ತಪ್ಪು ಹಳ್ಯಾಗೈತಿ.”

“ಹಳಿ ಒಂದು ಕಡೆಯೂ ಬಿಟ್ಟಿಲ್ಲ!” ಎಂದೆ ನಾನು. “ಇಷ್ಟುದ್ದ ಹಳಿಯಲ್ಲಿ ಒಂದೇ ಒಂದು ಸಂದು ತೋರಿಸಿ, ನಾನು ಕೆಲಸ ಬಿಡುತ್ತೇನೆ.”

ಆಡಿದ್ದು ಅಕ್ಷರಶಃ ಸತ್ಯ. ಒಂದು ಸಂದೂ ಇರಲಿಲ್ಲ. ಕಾಕಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಬಾಯಿ ತೆರೆದರು. ನನ್ನ ಮೂರು ಬೆರಳು ಇನ್ನೂ ಮೇಲೆಯೇ ಇದ್ದವು. ಅವರು ಟೋಪಿ ತೆಗೆದುಕೊಂಡು ಹೊರಗೆ ನಡೆದರು. ನಾಳೆಯಿಂದ ಬರುವುದು ಬೇಡವೆಂದು ಸಮಿತಿ ಬರೆಯಿತು.

ಒಂದು ವಾರದ ನಂತರ ಸೋಮವಾರ ಕೆಲಸಕ್ಕೆ ಬಂದರೆ ರೈಲಿಗೆ ಜೀವ ಬಂದಿತ್ತು. ಪುಣೆಯ ತಗಡಿನ ಡಬ್ಬಿ, ಪಕ್ಕದಲ್ಲಿ ಕುಣಿಕೆಯ ಉಪಕರಣ. ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. “ನಿನ್ನೆ ಮಂದಿ ಕರಿಸಿ ಸರಿ ಮಾಡಸೇನಿ. ಗುಡ್ಡ ಅಂಟಿಸ್ಯಾರ, ಇನ್ನ ಅದನ್ನ ಎತ್ತಾಕ ಹೋಗಬ್ಯಾಡ್ರಿ” ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಗೆದ್ದವರಿಗೆ ಪ್ರಶ್ನೆಗಳು ಹೊಳೆಯುವುದು ಕಡಿಮೆ. ಆ ಡಬ್ಬಿಯಿಂದಲೇ ಹತ್ತು ವರ್ಷ ರೈಲು ಓಡಿಸಿದೆ. ಬಂದ ಮಕ್ಕಳ ಮೇಷ್ಟರುಗಳು ಹಳೆಯ ಆಪರೇಟರ್ ಎಲ್ಲಿ ಎಂದರೆ ಕಥೆ ಹೇಳಿದೆ. ಹೇಳಿ ಹೇಳಿ ಅದು ನುಣುಪಾಯಿತು.

ಭವನ ಮುಚ್ಚಿತು. ಮಾದರಿಯನ್ನು ಬಿಚ್ಚಿ ಕಟ್ಟುವ ಕೆಲಸ ನನಗೇ ಬಂತು. ಕೊನೆಗೆ ಉಳಿದದ್ದು ಬನಹಟ್ಟಿ ಗುಡ್ಡ. ಚಾಕು ಹಾಕಿ ಎಬ್ಬಿಸಿದೆ.

ನಾಲ್ಕು ಬೆಸುಗೆಯ ಗಂಟುಗಳು. ನನ್ನವೇ. ತಂತಿಯ ತುದಿಯನ್ನು ಮಡಚಿ ಒತ್ತುವ ಅಭ್ಯಾಸ ಭವನದಲ್ಲಿ ಇನ್ಯಾರಿಗೂ ಇರಲಿಲ್ಲ. ಪ್ರತಿಯೊಂದು ಗಂಟನ್ನೂ ಯಾರೋ ಸಣ್ಣ ಗರಗಸದಿಂದ ನಟ್ಟನಡುವೆ ಸೀಳಿದ್ದರು. ಬ್ಲೇಡಿನಷ್ಟು ಸಂದು. ನೇರ, ಎದುರುಬದುರು.

ಹತ್ತು ವರ್ಷ ನಾನು ಹೇಳಿಕೊಂಡು ಬಂದ ಕಥೆ ನನ್ನ ಮುಂದೆ ನಾಲ್ಕು ಕಡೆ ಸೀಳಿಕೊಂಡು ಬಿದ್ದಿತ್ತು. ಒಂದೇ ನಿಮಿಷದಲ್ಲಿ ಎಲ್ಲ ಅರ್ಥವಾಯಿತು. ಪೆಟ್ಟಿಗೆ ಸುಟ್ಟದ್ದು ಯಾರು, ರೈಲು ಏಕೆ ಓಡಲಿಲ್ಲ. ಅರ್ಥವಾಗದ್ದು ಒಂದೇ. ಈ ಗಂಟುಗಳನ್ನು ಸೀಳಿದವರಿಗೆ ಆ ದಿನವೇ ಎಲ್ಲ ತಿಳಿದಿತ್ತು. ಅವರು ಯಾರು?

ಮರುದಿನ ಬನಹಟ್ಟಿಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗಿಡುವ ನೂಲಿನ ಕಡ್ಡಿಗೆ ಕಂಡಿಕೆ ಎನ್ನುತ್ತೇವೆ. ಅದು ಮನೆಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಮಾಡುವ ಕೆಲಸ. ಊರಿನ ಅರ್ಧ ಮಗ್ಗಗಳನ್ನು ರಿಪೇರಿ ಮಾಡಿದ ಕೈ ಅದು.

ಅವರ ಹೆಂಡತಿ ಒಳಗಿನಿಂದ ಇಣುಕಿ, “ಯಾರ್ರಿ ಇಕಿ? ಆ ವಕೀಲಬಾಯಿ ಏನು?” ಎಂದರು. “ಈಗ ಚಾ ಕುಡ್ಯಾಕ ಬಂದಾಳೋ, ಉಳದಿದ್ದ ನ್ಯಾಯ ಮುಗಸಾಕ ಬಂದಾಳೋ?”

“ಸುಮ್ಕಿರ ನೀ” ಎಂದರು ಕಾಕಾ. “ಕುಂಡ್ರು ತಂಗಿ.”

ನಾನು ಕೂರಲಿಲ್ಲ. “ಕಾಕಾ, ಕುಣಿಕ್ಯಾಗ ಬೆಸಗಿ ಹಾಕಿದಾಕಿ ನಾನು.”

“ಗೊತ್ತೈತಿ.”

“ಯಾವಾಗಿಂದ?”

“ಮೀಟಿಂಗಿನ್ಯಾಗ ಹಳಿ ಒಂದ ಕಡೇನೂ ಬಿಟ್ಟಿಲ್ಲ ಅಂದಿ ನೋಡು, ಆವಾಗ. ಬಿಟ್ಟಿಲ್ಲ ಅಂದ್ರ ಯಾರೋ ಕೂಡಿಸ್ಯಾರ. ಕೂಡಸೂ ಕೈ ಅಲ್ಲಿ ಇನ್ಯಾರದಿತ್ತು?”

“ಮತ್ತ ಅಲ್ಲೇ ಯಾಕ ಅನ್ನಲಿಲ್ಲರಿ?”

“ಬಾಯಿ ತಗದೆ. ನೀ ಬೆರಳ ಎಣಸಾಕತ್ತಿದ್ದಿ.” ರಾಟೆ ನಿಂತಿತು. “ಮನಿಗೆ ಬಂದು ಅಧ್ಯಕ್ಷ ಸಾಹೇಬ್ರಿಗೆ ಚೀಟಿ ಬರದೆ. ಹಿಂಗಿಂಗ ನಾಕ ಕಡೆ ಬೆಸಗಿ ಐತಿ, ಕೊಯ್ರಿ, ರೈಲು ಓಡತೈತಿ. ಹುಡುಗಿ ಬೇಕಂತ ಮಾಡಿಲ್ಲ, ಆಕೀಗೂ ತಿಳಿಸಿ ಹೇಳ್ರಿ ಅಂತ. ತೋರಸಲಿಲ್ಲೇನು?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ರವಿವಾರ ಸಾಹೇಬ್ರ ಗಾಡಿ ಕಳಿಸಿದ್ರು. ಹೋಗಿ ನಾನ ಕೊಯ್ದೆ. ಅವರು ನಿಂತ ನೋಡಿದ್ರು. ಪುಣೇದ ಡಬ್ಬಿ ನಾನ ಕೂಡಿಸಿದೆ. ಓಡಿತು. ಸಾಹೇಬ್ರ, ಮತ್ತ ನನ್ನ ಹೆಸರು? ಅಂದೆ. ನೋಡೂಣು ತಡಿ ಅಂದ್ರು.”

“ನೀವರ ಯಾಕ ಹೋದ್ರಿ ಕಾಕಾ? ಹೊರಗ ಹಾಕಿದ ಮ್ಯಾಲ?”

ಒಳಗಿನಿಂದ ಉತ್ತರ ಬಂತು. “ಹೋಗಲಾರದ ಏನ ಮಾಡ್ತಾರ? ಇಲ್ಲಿ ಒಬ್ಬ ಮಾಲಕರೂ ಮಗ್ಗ ಮುಟ್ಟಗೊಡಲಿಲ್ಲ. ಈರಪ್ಪ ಮಷಿನ್ ಸುಟ್ಟ ಬಂದಾಂವ ಅಂತ. ಸಾಹೇಬ್ರು ಒಂದ ಮಾತು ಅಂದಾರು ಅಂತ ಹಾದಿ ನೋಡಿದ್ರು. ಹತ್ತ ವರ್ಷ ಆತು, ಕಂಡಿಕಿ ಸುತ್ತಾಕತ್ತಾರ.”

ನಾನು ಕ್ಷಮೆ ಕೇಳಿದೆ. ಕಾಕಾ ಕೈಯಾಡಿಸಿಬಿಟ್ಟರು. “ಅದು ನಮ್ಮ ಪಡಸಾಲ್ಯಾಗ ಉಳೀತೈತಿ ತಂಗಿ. ಹತ್ತ ಮಂದಿ ಮುಂದ ಆಡಿದ್ದನ್ನ ಹತ್ತ ಮಂದಿ ಮುಂದ ತಿರುಗಿ ಆಡಬೇಕು. ನೀ ಆಡಿದ್ರ, ನೀ ಸಣ್ಣಾಕಿ, ಯಾರ ಕೇಳ್ತಾರ? ಸಾಹೇಬ್ರು ಒಂದ ಚೀಟಿ ಬರದು ಸಹಿ ಹಾಕ್ಲಿ. ಮಾಲಕರು ಅದಕ್ಕ ಬೆಲೆ ಕೊಡ್ತಾರ. ನನಗ ಕೈ ನಡುಗೂದರೊಳಗ ಇನ್ನ ಒಂದ ಮಗ್ಗ ರಿಪೇರಿ ಮಾಡಬೇಕಾಗೈತಿ.”

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನನ್ನ ಕಡೆಯಿಂದ ಎರಡೇ ಮಾತು. ಬೇಕೆಂದೇ ಬಿಟ್ಟ ಸಂದಿನ ಪಕ್ಕದಲ್ಲಿ, ಇದು ಬೇಕೆಂದೇ ಬಿಟ್ಟದ್ದು ಎಂದು ಬರೆದಿಡಿ. ನಿಮ್ಮ ಹಿರಿಯ ಕೆಲಸಗಾರ ವಾಕ್ಯ ಅರ್ಧಕ್ಕೆ ನಿಲ್ಲಿಸಿದರೆ, ಉಳಿದರ್ಧ ಹೇಳಿಸದೆ ಸಭೆ ಬಿಟ್ಟು ಏಳಬೇಡಿ. ಇದಕ್ಕಿಂತ ದೊಡ್ಡದನ್ನು ನಾನು ಆ ಕೆಲಸದಲ್ಲಿ ಕಲಿಯಲಿಲ್ಲ.

ಕಾಕಾ ಅವರ ಮನೆಯಿಂದ ಅದೇ ಮಧ್ಯಾಹ್ನ ಮುಧೋಳದ ಬಸ್ಸು ಹತ್ತಿದೆ. ಬೆಸುಗೆಯ ನಾಲ್ಕು ತುಂಡುಗಳು ಕರವಸ್ತ್ರದಲ್ಲಿದ್ದವು. ಅಧ್ಯಕ್ಷರು ಕಟ್ಟೆಯ ಮೇಲೆ ಕುಳಿತಿದ್ದರು. ಕಾಲ ಬಳಿ ಒಂದು ಬಡಕಲು ಬೇಟೆನಾಯಿ ಮುದುರಿ ಮಲಗಿತ್ತು. “ಬರ್ರಿ ಬರ್ರಿ, ನಮ್ಮ ವಕೀಲರು!” ಎಂದು ನಕ್ಕರು. ನಾನು ಕರವಸ್ತ್ರ ಬಿಚ್ಚಿ ಅವರ ಮುಂದಿಟ್ಟೆ. ನಗು ನಿಂತಿತು. ಒಂದು ತುಂಡನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಏನು, ಎಲ್ಲಿಯದು ಎಂದು ಕೇಳಲಿಲ್ಲ.

“ಬಿಳಿ ಹಾಳಿ ತಂದೇನ್ರಿ ಸಾಹೇಬ್ರ” ಎಂದೆ. “ಈರಪ್ಪ ಕಾಕಾ ಮಷಿನ್ ಕೆಡಿಸಿಲ್ಲ ಅಂತ ನಾಕ ಸಾಲು ಬರದು ಸಹಿ ಹಾಕ್ರಿ. ನನ್ನ ಹೆಸರು, ನನ್ನ ತಪ್ಪು ಎಲ್ಲಾ ಬರೀರಿ.”

ಅವರು ಹಾಳೆಯನ್ನು ಮುಟ್ಟಲಿಲ್ಲ. ತುಂಡನ್ನು ಬೆರಳುಗಳ ನಡುವೆ ತಿರುಗಿಸುತ್ತಲೇ ಇದ್ದರು. ಮೂರು ಅಂಶಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಒಂದೂ ನಾಲಗೆಗೆ ಬರಲಿಲ್ಲ. ಬಂದದ್ದು ಇಷ್ಟೇ:

“ರವಿವಾರ ನೀವು ಅವರನ್ನ ಕರಿಸಿದ್ರಿ. ಹಳಿ ಕೊಯ್ಯೂದನ್ನ ಕಣ್ಣಾರೆ ನೋಡಿದ್ರಿ. ಸೋಮವಾರ ಮುಂಜಾನಿ ನಾ ನಿಮ್ಮ ಮುಂದ ನಿಂತಿದ್ದೆ. ಆವಾಗ ನನಗ ಯಾಕ ಹೇಳಲಿಲ್ಲರಿ, ಸಾಹೇಬ್ರ?”